ಸೈಟು ಹಂಚುವ ಮೊದಲು ನೀರಿಗೆ ದಾರಿ ಬಿಡಿ

ಡಿಪ್ಲೊಮಾ ಮುಗಿಸಿ ಮನೆಯಲ್ಲಿ ಕೂತಿದ್ದ ದಿನಗಳವು. ಸಿವಿಲ್ ಓದಿದವರಿಗೆ ಕೆಲಸಕ್ಕೇನು ಬರ ಎಂದು ಕಾಲೇಜಿಗೆ ಸೇರುವಾಗ ಎಲ್ಲರೂ ಹೇಳಿದ್ದರು. ಮುಗಿಸಿ ಬಂದಾಗ ಆ ಮಾತು ಯಾರಿಗೂ ನೆನಪಿರಲಿಲ್ಲ. ಜೆಇ ಪರೀಕ್ಷೆಗೆ ಓದುತ್ತಾ, ಅರ್ಜಿ ಹಾಕುತ್ತಾ ಏಳು ತಿಂಗಳು ಕಳೆದ ಮೇಲೆ ಪರಿಚಯದವರೊಬ್ಬರ ಮೂಲಕ ಬಡಾವಣೆ ನಕ್ಷೆ ಮಾಡಿಕೊಡುವ ಒಂದು ಕಚೇರಿಯಲ್ಲಿ ಕೆಲಸ ಸಿಕ್ಕಿತು. ಸಂಬಳ ಬಸ್ ಚಾರ್ಜಿಗೂ ಮೊಬೈಲ್ ರೀಚಾರ್ಜಿಗೂ ಸರಿಹೋಗುತ್ತಿತ್ತು. ಆದರೂ ಈಸೂರಿನಲ್ಲಿ ಬೆಳಿಗ್ಗೆ ಟಿಫನ್ ಬಾಕ್ಸ್ ಹಿಡಿದು ಬಸ್ಸಿಗೆ ನಿಲ್ಲುವುದೇ ಒಂದು ಗತ್ತು. ಕೆಲಸಕ್ಕಾಗಿ ಕಾದವರಿಗೆ ಅದು ಗೊತ್ತು.

ಅಲ್ಲಿ ನನ್ನ ಪಾಲಿಗೆ ಬಂದ ಮೂರನೇ ಕೆಲಸ ನಾಲ್ಕು ಎಕರೆಯ ಒಂದು ಲೇಔಟು. ನಮ್ಮ ಕಡೆಯದೇ ಒಂದು ಊರು, ಹೆಸರು ಬೇಡ. ಸರ್ವೆ ಮಾಡಿದವರು ಕೊಟ್ಟ ಫೈಲಿನಲ್ಲಿ ಜಮೀನಿನ ಮೇಲ್ತುದಿಯಿಂದ ಕೆಳತುದಿಗೆ ಓರೆಯಾಗಿ ಒಂದು ನೀಲಿ ಗೆರೆ ಇತ್ತು. ಗದ್ದೆಗಳ ನಡುವೆ ಮೇಲಿನ ನೀರನ್ನು ಕೆಳಗೆ ದಾಟಿಸುವ ಕಾಲುವೆ ಅದು. ಆ ಜಾಗವನ್ನು ಬಿಟ್ಟು ಮೂವತ್ತು–ನಲವತ್ತರ ಸೈಟು ಕೂರಿಸಿದರೆ 67 ಬರುತ್ತಿತ್ತು. ಬೇಕಿದ್ದದ್ದು 72. 'ಅದೇನು ಹಳ್ಳ ಅಲ್ಲಪ್ಪ, ಬಸಿಗಾಲುವೆ. ಒಂದು ಹನಿ ನೀರಿಲ್ಲ ನೋಡು. ರಸ್ತೆ ಪಕ್ಕ ಎರಡಡಿ ಪೈಪು ಹಾಕಿ ತಿರುಗಿಸಿದರಾಯ್ತು' ಎಂದರು ಮೇಲಿನವರು. ಆಗ ಮಾರ್ಚ್ ತಿಂಗಳು, ನೀರು ಎಲ್ಲಿಂದ ಇರಬೇಕು? ನಾನು ಗೆರೆಯ ಮೇಲೆ ಕ್ಲಿಕ್ ಮಾಡಿದೆ, ಡಿಲೀಟ್ ಒತ್ತಿದೆ. ಐದು ಸೈಟು ಹುಟ್ಟಿದವು. ಸಂಜೆ ಟೀ ಜೊತೆ ಬೋಂಡ ತರಿಸಿದರು.

ಮರುವರ್ಷ ಜುಲೈನಲ್ಲಿ ಮಳೆ ಹಿಡಿದ ಮೂರನೇ ದಿನ ಆ ಕಡೆ ಹೋಗಬೇಕಾಗಿ ಬಂತು. ಲೇಔಟಿನಲ್ಲಿ ಇನ್ನೂ ಮೂರೋ ನಾಲ್ಕೋ ಮನೆ ಎದ್ದಿದ್ದವು ಅಷ್ಟೆ. ಆದರೆ ರಸ್ತೆಗಳೆಲ್ಲ ಕಾಂಕ್ರೀಟಾಗಿದ್ದವು, ಗದ್ದೆಯ ಬದುಗಳೆಲ್ಲ ಸಪಾಟಾಗಿದ್ದವು. ಪೈಪಿನ ಬಾಯಿಗೆ ಗೊಬ್ಬರದ ಚೀಲ, ಪ್ಲಾಸ್ಟಿಕ್ಕು, ಜೋಳದ ದಂಟು ಸಿಕ್ಕಿಕೊಂಡು ನೀರು ರಸ್ತೆಯ ಮೇಲೇ ಓಡುತ್ತಿತ್ತು. ಕೆಳಗೆ ಒಂದು ಸಾಲು ಆಶ್ರಯ ಮನೆಗಳು. ಅವುಗಳ ಹೊಸ್ತಿಲು ದಾಟಿ ನೀರು ಒಳಗೆ ಹೋಗಿತ್ತು. ಅಜ್ಜಿಯೊಬ್ಬರು ಪಡಿತರದ ಅಕ್ಕಿ ಚೀಲವನ್ನು ಮಂಚದ ಮೇಲೆ ಎತ್ತಿಟ್ಟು ಬಾಗಿಲಲ್ಲಿ ನಿಂತಿದ್ದರು. 'ಮೂವತ್ತು ವರ್ಸ ಆತು ಇಲ್ಲಿಗ್ ಬಂದು. ಈ ಲೇಔಟ್ ಆದ್ಮ್ಯಾಲೆ ನೀರಿಗೆ ನಮ್ಮನಿ ದಾರಿ ಗೊತ್ತಾಗೇತಿ ನೋಡಪ್ಪಾ' ಎಂದರು. ನೀರಿಗೆ ಆ ದಾರಿ ತೋರಿಸಿದವನು ನಾನೇ ಎಂದು ಹೇಳುವ ಧೈರ್ಯ ಬರಲಿಲ್ಲ. ಛತ್ರಿ ಹಿಡಿದು ಸುಮ್ಮನೆ ನಿಂತಿದ್ದೆ.

ಆಮೇಲೆ ಆ ಊರಿನ ಗ್ರಾಮ ನಕ್ಷೆ ತೆಗೆದು ನೋಡಿದೆ. ಆ ಕಾಲುವೆ ಅದರಲ್ಲಿ ಇರಲಿಲ್ಲ. ಪಹಣಿಯಲ್ಲಿ ಖರಾಬು ಎಂದೂ ಬಂದಿರಲಿಲ್ಲ. ರೈತರೇ ತಮ್ಮ ಹಿಡುವಳಿಯೊಳಗೆ ತಲೆಮಾರಿನಿಂದ ಬಿಟ್ಟುಕೊಂಡು ಬಂದ ದಾರಿ ಅದು. ಹಾಗಾಗಿ ಕಾಗದದಲ್ಲಿ ಯಾರ ತಪ್ಪೂ ಇಲ್ಲ. ನಕ್ಷೆಗೆ ಮಂಜೂರಾತಿ ಸಿಕ್ಕಿದೆ, ಪಾರ್ಕಿಗೆ ಜಾಗ ಬಿಟ್ಟಿದೆ, ಬೀದಿದೀಪಕ್ಕೆ ಸೋಲಾರ್ ಇದೆ. ಜಾಹೀರಾತಿನ ಫ್ಲೆಕ್ಸಿನಲ್ಲಂತೂ 'ಪರಿಸರ ಸ್ನೇಹಿ ಬಡಾವಣೆ' ಎಂದೇ ಹಾಕಿದ್ದರು, ಪಕ್ಕದಲ್ಲಿ ಎರಡು ಹಂಸಗಳ ಚಿತ್ರ.

ಆ ಫ್ಲೆಕ್ಸಿನ ಮೇಲೆಯೇ ನನ್ನ ತಕರಾರು. ಪರಿಸರ ಸ್ನೇಹಿ ಎಂದಾಗ ನಮಗೆ ಸೋಲಾರ್ ದೀಪ, ನಾಲ್ಕು ಅಲಂಕಾರದ ಗಿಡ, ಪಾರ್ಕಿನ ಲಾನು ನೆನಪಾಗುತ್ತವೆ. ಇವೆಲ್ಲ ಆಮೇಲೆ ತಂದು ಕೂರಿಸಬಹುದಾದ ಸಾಮಾನು. ನಾಲ್ಕು ಎಕರೆಯ ಮೇಲೆ ಬಿದ್ದ ಮಳೆ ಎಲ್ಲಿ ಇಂಗುತ್ತದೆ, ಎಲ್ಲಿ ಹರಿಯುತ್ತದೆ, ಮೇಲಿನ ಹೊಲದ ನೀರು ಯಾವ ಕಡೆಯಿಂದ ಬಂದು ಯಾರ ಮನೆ ಮುಂದೆ ಹೋಗುತ್ತದೆ ಎಂಬುದನ್ನು ಹಾಗೆ ಆಮೇಲೆ ತಂದು ಕೂರಿಸಲಾಗದು. ಅದು ನಕ್ಷೆಯ ಮೊದಲ ಗೆರೆಯಲ್ಲೇ ಇರಬೇಕು. ಬಡಾವಣೆ ಒಳ್ಳೆಯದೋ ಅಲ್ಲವೋ ಎಂದು ತೀರ್ಮಾನವಾಗುವುದು ಅಲ್ಲೇ ಎಂದು ನನ್ನ ಅಭಿಪ್ರಾಯ.

ಲೆಕ್ಕ ಕಷ್ಟದ್ದಲ್ಲ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಮೂವತ್ತು–ನಲವತ್ತರ ಸೈಟು ಎಂದರೆ ಸುಮಾರು 111 ಚದರ ಮೀಟರ್. ನಮ್ಮಲ್ಲಿ ಮಳೆಗಾಲದ ಒಂದು ಜೋರು ದಿನ 50 ಮಿ.ಮೀ. ಬೀಳುವುದು ಅಪರೂಪವೇನಲ್ಲ. ಅಂದರೆ ಒಂದೇ ಸೈಟಿನ ಮೇಲೆ ಒಂದೇ ದಿನ ಐದೂವರೆ ಸಾವಿರ ಲೀಟರ್, ಹೆಚ್ಚುಕಡಿಮೆ ಒಂದು ಟ್ಯಾಂಕರ್. 72 ಸೈಟಿಗೆ ನಾಲ್ಕು ಲಕ್ಷ ಲೀಟರ್. ರಸ್ತೆ, ಪಾರ್ಕು ಸೇರಿ ನಾಲ್ಕು ಎಕರೆಗೂ ಲೆಕ್ಕ ಹಾಕಿದರೆ ಎಂಟು ಲಕ್ಷ ದಾಟುತ್ತದೆ. ಅದೇ ಜಮೀನು ಗದ್ದೆಯಾಗಿದ್ದಾಗ ಅರ್ಧ ಅಡಿ ಬದುವಿನೊಳಗೆ ಅಷ್ಟೂ ನೀರು ನಿಲ್ಲುತ್ತಿತ್ತು. ಸ್ವಲ್ಪ ಇಂಗಿ, ಸ್ವಲ್ಪ ಪೈರಿಗಾಗಿ, ಮಿಕ್ಕಿದ್ದು ಮೆಲ್ಲಗೆ ಕೆಳಗೆ ಹೋಗುತ್ತಿತ್ತು. ಬದು ಕಿತ್ತು, ಕಾಂಪೌಂಡಿನಿಂದ ಕಾಂಪೌಂಡಿಗೆ ಕಾಂಕ್ರೀಟ್ ಬಳಿದರೆ ಇಷ್ಟೂ ನೀರು ಒಂದೆರಡು ತಾಸಿನಲ್ಲಿ ಹೊರಗೆ ಬರುತ್ತದೆ. ಅದಕ್ಕೆ ನಾವು ಇಟ್ಟದ್ದು ಎರಡಡಿ ಪೈಪು.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆಲ್ಲ ತಾಳಗುಂದ ಶಾಸನ ಗೊತ್ತಿರುತ್ತದೆ. ನಮ್ಮ ಶಿಕಾರಿಪುರ ತಾಲ್ಲೂಕಿನದೇ. ಪ್ರಣವೇಶ್ವರ ದೇವಾಲಯದ ಎದುರಿನ ಕಲ್ಲುಕಂಬ, ಐದನೇ ಶತಮಾನ, ಕವಿ ಕುಬ್ಜ, ಮಯೂರಶರ್ಮ ಕಂಚಿಯ ಘಟಿಕಾಸ್ಥಾನಕ್ಕೆ ಹೋಗಿ ಅವಮಾನಗೊಂಡದ್ದು, ಕದಂಬ ರಾಜ್ಯ ಕಟ್ಟಿದ್ದು. ಇಷ್ಟನ್ನು ಬಾಯಿಪಾಠ ಮಾಡಿ ಒಂದು ಅಂಕ ಗಿಟ್ಟಿಸುತ್ತೇವೆ. ಆದರೆ ಆ ಕಂಬ ನಿಲ್ಲಿಸಿದ್ದು ಯಾಕೆ? ಕಾಕುಸ್ಥವರ್ಮ ಅಲ್ಲಿ ಒಂದು ಕೆರೆ ಕಟ್ಟಿಸಿದ, ಅದನ್ನು ದಾಖಲಿಸಲು. ರಾಜವಂಶದ ಕಥೆಯೆಲ್ಲ ಬರುವುದು ಆ ಕೆರೆಯ ನೆಪದಲ್ಲಿ. ಒಂದೂವರೆ ಸಾವಿರ ವರ್ಷದ ಹಿಂದೆ ಈ ಸೀಮೆಯಲ್ಲಿ ಕಲ್ಲಿನಲ್ಲಿ ಕೊರೆಸುವಷ್ಟು ದೊಡ್ಡ ಸುದ್ದಿ ಕೆರೆಯಾಗಿತ್ತು. ಬಳ್ಳಿಗಾವಿಗೆ ಹೋದರೂ ಅಷ್ಟೇ, ಕೇದಾರೇಶ್ವರ ಗುಡಿಯಷ್ಟೇ ಅದರ ಪಕ್ಕದ ಕೆರೆಯೂ ಆ ಊರಿನದು.

ಮಲೆನಾಡು ಬಯಲಿಗೆ ಇಳಿಯುವ ಈ ಅಂಚಿನಲ್ಲಿ, ಶಿಕಾರಿಪುರ ಸೊರಬದ ಯಾವ ಹಳ್ಳಿಗೆ ಹೋದರೂ ಹಳೆಯ ಊರು ಕೂತ ರೀತಿಯನ್ನು ಗಮನಿಸಿ. ಕೆರೆ ಒಂದು ಕಡೆ, ಏರಿಯ ಕೆಳಗೆ ಅಚ್ಚುಕಟ್ಟಿನ ಗದ್ದೆ, ಮನೆಗಳು ದಿಬ್ಬದ ಕಡೆಗೆ. ಒಂದು ಕೆರೆ ಕೋಡಿ ಬಿದ್ದರೆ ನೀರು ಹಳ್ಳ ಹಿಡಿದು ಕೆಳಗಿನ ಊರಿನ ಕೆರೆಗೆ. ಕೋಡಿಹಳ್ಳದಲ್ಲಿ ಮನೆ ಕಟ್ಟಬಾರದು ಎಂದು ಯಾರೂ ಬೋರ್ಡು ಹಾಕಿರಲಿಲ್ಲ, ಯಾರೂ ಕಟ್ಟುತ್ತಲೂ ಇರಲಿಲ್ಲ. ಬಚ್ಚಲ ನೀರು ಹಿತ್ತಲಿನ ಬಾಳೆಗೆ, ಕೆಸುವಿಗೆ. ಗೋಡೆಗೆ ಅಲ್ಲೇ ಅಗೆದ ಮಣ್ಣು, ಸೊರಬ ಸಾಗರದ ಕಡೆ ಜಂಬಿಟ್ಟಿಗೆ. ಮನೆ ಬಿದ್ದರೆ ಆ ಗೋಡೆ ಮತ್ತೆ ಮಣ್ಣು.

ಹಾಗೆಂದು ಹಳೆಯದೆಲ್ಲ ಚಿನ್ನ ಎನ್ನುವವನು ನಾನಲ್ಲ. ಹಳೆಯ ಊರು ಎಲ್ಲರನ್ನೂ ದಿಬ್ಬದ ಮೇಲೆ ಕೂರಿಸಲಿಲ್ಲ. ಯಾರ ಕೇರಿ ತಗ್ಗಿನಲ್ಲಿತ್ತು, ಯಾರಿಗೆ ಕೆರೆಯ ಯಾವ ಮೂಲೆಯಲ್ಲಿ ನೀರು ಎಂಬುದನ್ನು ಜಾತಿ ನಿರ್ಧರಿಸುತ್ತಿತ್ತು. ಹೆಣ್ಣುಮಕ್ಕಳು ಶೌಚಕ್ಕೆ ಕತ್ತಲಾಗುವುದನ್ನು ಕಾಯುತ್ತಿದ್ದರು. ಹೊಗೆ ತುಂಬಿದ ಅಡುಗೆಮನೆಯಲ್ಲಿ ನನ್ನ ಅಜ್ಜಿ ಕೆಮ್ಮಿದ್ದು ನನಗೇ ನೆನಪಿದೆ. ಹಳೆಯ ಹಳ್ಳಿಯನ್ನು ಹೊಗಳಿ ಬರೆಯುವವರು ಅದೇ ತಗ್ಗಿನ ಕೇರಿಯಲ್ಲಿ ಒಂದು ಮಳೆಗಾಲ ಕಳೆದು ಆಮೇಲೆ ಬರೆಯಲಿ. ಬೇಸರದ ವಿಷಯವೆಂದರೆ ಆ ಪದ್ಧತಿಯಲ್ಲಿ ನಾವು ಬಿಡಬೇಕಿದ್ದದ್ದನ್ನು ಉಳಿಸಿಕೊಂಡಿದ್ದೇವೆ. ಬಡವರ ಮನೆಗೆ ಇವತ್ತಿಗೂ ಸಿಗುವುದು ಯಾರಿಗೂ ಬೇಡವಾದ ತಗ್ಗು. ನೀರಿಗೆ ದಾರಿ ಬಿಡುವ ಬುದ್ಧಿಯನ್ನು ಮಾತ್ರ ಕೈಬಿಟ್ಟೆವು.

ಇದು ಹಳ್ಳಿಯವರ ಅಜ್ಞಾನ, ನಗರದವರು ಹೀಗೆ ಮಾಡುವುದಿಲ್ಲ ಎಂದುಕೊಳ್ಳಬೇಡಿ. ಬೆಂಗಳೂರಿನ ಸರ್ಜಾಪುರ ರಸ್ತೆಯಲ್ಲಿ ರೇನ್‌ಬೋ ಡ್ರೈವ್ ಎಂಬ ಬಡಾವಣೆ ಇದೆ. ಕೊಳವೆಬಾವಿಗಳನ್ನೇ ನಂಬಿದ್ದ ಅಲ್ಲಿನ ನಿವಾಸಿಗಳು ನೀರು ಕೈಕೊಡುವ ಭಯ ಬಂದಾಗ ತಾವೇ ಕೂತು ನಿಯಮ ಮಾಡಿಕೊಂಡರು. ಮನೆಮನೆಗೆ ಇಂಗುಬಾವಿ ತೋಡಿದರು, ಹೆಚ್ಚು ನೀರು ಬಳಸಿದವರಿಗೆ ಹೆಚ್ಚು ದರ ಹಾಕಿದರು. ಮಳೆನೀರಿನ ವಿಷಯ ಬಂದಾಗಲೆಲ್ಲ ಮಾದರಿ ಎಂದು ಹೆಸರಾದ ಬಡಾವಣೆ ಅದು. 2022ರ ಸೆಪ್ಟೆಂಬರ್ ಮಳೆಯಲ್ಲಿ ಅದೇ ಬಡಾವಣೆ ಮುಳುಗಿ, ಜನರನ್ನು ಟ್ರ್ಯಾಕ್ಟರಿನಲ್ಲಿ ಹೊರಗೆ ಕರೆತಂದದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದೆವು. ಅವರ ಇಂಗುಬಾವಿಗಳು ಸುಳ್ಳಾಗಿರಲಿಲ್ಲ. ಆದರೆ ಸುತ್ತಲಿಗಿಂತ ತಗ್ಗಿನಲ್ಲಿರುವ ಜಾಗ, ಮೇಲಿನ ಕೆರೆಗಳ ನೀರು, ಇಕ್ಕಟ್ಟಾದ ರಾಜಕಾಲುವೆ ಇವೆಲ್ಲ ಕಾಂಪೌಂಡಿನ ಹೊರಗಿನವು. ತನ್ನ ಗೇಟಿನೊಳಗೆ ಎಷ್ಟೇ ಶಿಸ್ತಿನಿಂದ ಇದ್ದರೂ ಬಡಾವಣೆ ಒಂಟಿಯಾಗಿ ಬದುಕಲಾರದು. ವೈಟ್‌ಫೀಲ್ಡಿನ ಟಿ-ಜೆಡ್‌ನಂಥ ವಸತಿ ಸಮುಚ್ಚಯಗಳೂ ಇವೆ, ಮಳೆನೀರು ಹಿಡಿದು, ಬಳಸಿದ ನೀರನ್ನು ಶುದ್ಧ ಮಾಡಿ ಮತ್ತೆ ಬಳಸುತ್ತವೆ. ನಾನು ಬೇಡ ಎನ್ನುವುದಿಲ್ಲ. ಆದರೆ ಪರಿಸರ ಎನ್ನುವುದು ಅಲ್ಲಿ ಮನೆ ಕೊಳ್ಳಬಲ್ಲವರಿಗೆ ಮಾತ್ರ ಸಿಗುವ ಸೌಲಭ್ಯವಾದರೆ ಆಶ್ರಯ ಮನೆಯ ಅಜ್ಜಿಗೆ ಏನು ಬಂತು?

ಮನೆ ಕಟ್ಟುವ ಸಾಮಾನಿನ ಮಾತಿಗೆ ಬರುತ್ತೇನೆ, ಏಕೆಂದರೆ ಅಲ್ಲಿ ನಾನೇ ಸೋತೆ.

ಅಸ್ತ್ರ ಒಲೆ ಕೇಳಿರುತ್ತೀರಿ. ಹೊಗೆ ಕೊಳವೆ ಇರುವ ಆ ಒಲೆ ಒಂದು ಕಾಲದಲ್ಲಿ ಕರ್ನಾಟಕದ ಹಳ್ಳಿಹಳ್ಳಿಗೆ ಬಂತು. ಅದು ಬಂದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಎಂಬ ಕೇಂದ್ರದಿಂದ. ಅದೇ ಕೇಂದ್ರ ಮಣ್ಣಿನ ಇಟ್ಟಿಗೆಯ ಮೇಲೂ ವರ್ಷಗಟ್ಟಲೆ ಕೆಲಸ ಮಾಡಿತು. ಜರಡಿ ಹಿಡಿದ ಮಣ್ಣಿಗೆ ಅಗತ್ಯವಿದ್ದಷ್ಟು ಮರಳು, ನೂರಕ್ಕೆ ಐದರಿಂದ ಹತ್ತು ಪಾಲು ಸಿಮೆಂಟ್ ಬೆರೆಸಿ ಕೈಯಂತ್ರದಲ್ಲಿ ಒತ್ತಿ, ಮೂರು ವಾರ ನೀರುಣಿಸಿ ಇಟ್ಟರೆ ಗೋಡೆಗೆ ಸಿದ್ಧ. ಸುಡುವುದೇ ಬೇಡ. ಭಟ್ಟಿಗೆ ಸೌದೆ ಬೇಡ, ಗದ್ದೆಯ ಮೇಲ್ಮಣ್ಣು ಲಾರಿಗಟ್ಟಲೆ ಹೋಗುವುದಿಲ್ಲ. ಎರೆಮಣ್ಣಾದರೆ ಹಾಗೇ ಆಗುವುದಿಲ್ಲ, ಬಿರುಕು ಬಿಡುತ್ತದೆ, ಮರಳು ಜಾಸ್ತಿ ಬೇಕು. ಕೆಂಪು ಮಣ್ಣಿಗೆ ಚೆನ್ನಾಗಿ ಒಗ್ಗುತ್ತದೆ.

ಇದನ್ನೆಲ್ಲ ನಮ್ಮ ಹೊಸ ಮನೆಗೆ ಪಾಯ ತೆಗೆಯುವ ಮೊದಲು ಅಪ್ಪನಿಗೆ ಒಂದು ಗಂಟೆ ವಿವರಿಸಿದೆ. ಅಪ್ಪ ಪೂರ್ತಿ ಕೇಳಿ, 'ಮಣ್ಣಿನ ಮನಿ ಬಿಟ್ ಹೊರಗ್ ಬರಾಕ ಇಪ್ಪತ್ ವರ್ಸ ದುಡಿದೀನಿ. ನೀನ್ ಓದಿ ಬಂದು ಮತ್ತ ಮಣ್ಣಿಗೇ ಹೋಗು ಅಂತೀಯಲ್ಲೋ' ಎಂದರು. ಗಾರೆ ಮೇಸ್ತ್ರಿ ಆ ಇಟ್ಟಿಗೆ ಕಟ್ಟಿ ಅಭ್ಯಾಸವಿಲ್ಲ ಎಂದ. ಹೆಂಚಿನ ಮಾಡಾದರೂ ಇರಲಿ ಎಂದರೆ ಅವ್ವ ಒಪ್ಪಲಿಲ್ಲ. ಮೆಕ್ಕೆಜೋಳ, ಅಡಿಕೆ ಒಣಗಿಸಲು ತಾರಸಿ ಬೇಕು, ಪ್ರತಿವರ್ಷ ಇನ್ನೊಬ್ಬರ ಕಣ ಕೇಳಿ ಸಾಕಾಗಿದೆ ಎಂದಳು. ಅವಳ ಮಾತಿಗೆ ನನ್ನ ಪಠ್ಯಪುಸ್ತಕದಲ್ಲಿ ಉತ್ತರವಿರಲಿಲ್ಲ. ಪಿಎಂ ಆವಾಸ್ ಯೋಜನೆಯಲ್ಲಿ ಬಯಲು ಸೀಮೆಯ ಹಳ್ಳಿ ಮನೆಗೆ ಕೊಡುವುದು 1.20 ಲಕ್ಷ ರೂಪಾಯಿ. ಆ ದುಡ್ಡಿಗೆ ಸಾಲ ಸೇರಿಸಿ ಕಟ್ಟುವವರಿಗೆ ಮಣ್ಣಿನ ಇಟ್ಟಿಗೆಯ ಮೇಸ್ತ್ರಿಯನ್ನು ದೂರದಿಂದ ಕರೆಸು ಎಂದು ಉಪದೇಶ ಮಾಡುವುದು ಸುಲಭ. ತಾಲ್ಲೂಕಿಗೆ ಒಂದು ಕೈಯಂತ್ರ, ತರಬೇತಾದ ಹತ್ತು ಹುಡುಗರ ತಂಡ ಇದ್ದಿದ್ದರೆ ಅಪ್ಪ ಬಹುಶಃ ಒಪ್ಪುತ್ತಿದ್ದರು. ಐಟಿಐ, ಡಿಪ್ಲೊಮಾ ಮುಗಿಸಿ ಕೆಲಸವಿಲ್ಲದೆ ಕೂತವರಿಗೆ ಅದು ನಾಲ್ಕು ಕಾಸಿನ ಕಸುಬೂ ಆಗುತ್ತಿತ್ತು.

ಕೊನೆಗೆ ನಮ್ಮದೂ ಆರ್‌ಸಿಸಿ ಮನೆಯೇ ಆಯಿತು. ನಾನು ಗೆದ್ದದ್ದು ಒಂದರಲ್ಲಿ. ತಾರಸಿಯ ನೀರನ್ನು ಚರಂಡಿಗೆ ಬಿಡದೆ ಹಿತ್ತಲಿನ ಹಳೆಯ ತೆರೆದ ಬಾವಿಗೆ ತಿರುಗಿಸಿದೆವು. ಮೊದಲ ಮಳೆಯ ಕೊಳೆನೀರು ಹೊರಗೆ ಹೋಗಲು ಒಂದು ವಾಲ್ವು, ನಡುವೆ ಜಲ್ಲಿ, ಮರಳು ತುಂಬಿದ ಒಂದು ತೊಟ್ಟಿ, ಅಷ್ಟೆ. ಕಸ ತುಂಬಲು ಇಟ್ಟುಕೊಂಡಿದ್ದ ಬಾವಿ ಅದು, ಮುಚ್ಚಿಸುವ ಮಾತೂ ಆಗಿತ್ತು. ಈ ಬೇಸಿಗೆಯಲ್ಲಿ ತಳ ಕಾಣಲಿಲ್ಲ. ಪೂರ್ತಿ ನನ್ನ ತಾರಸಿಯ ಪುಣ್ಯ ಎಂದರೆ ಅಪ್ಪ ನಗುತ್ತಾರೆ, ಹೋದ ವರ್ಷ ಮಳೆಯೂ ಚೆನ್ನಾಗಿ ಆಗಿತ್ತು. ಆದರೂ ಅಡಿಕೆ ಒಣಗಿಸುವ ದಿನ ಬಿಟ್ಟು ಉಳಿದ ದಿನ ತಾರಸಿ ಗುಡಿಸುವುದು ಈಗ ಅವರೇ.

ಮಳೆನೀರಿನಷ್ಟೇ ಬಚ್ಚಲ ನೀರೂ ಮುಖ್ಯ. ಜಲಜೀವನ್ ಯೋಜನೆಯಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಕೊಡಬೇಕೆಂಬ ಗುರಿ ಇದೆ. ನಲ್ಲಿ ಬಂದದ್ದು ಒಳ್ಳೆಯದಾಯಿತು, ಕೊಡ ಹೊತ್ತವರಿಗೆ ಅದರ ಬೆಲೆ ಗೊತ್ತು. ಐದು ಜನರ 72 ಮನೆ ಎಂದರೆ ದಿನಕ್ಕೆ ಸುಮಾರು 20 ಸಾವಿರ ಲೀಟರ್ ಒಳಗೆ ಬರುತ್ತದೆ. ಬಂದದ್ದರಲ್ಲಿ ಬಹುಪಾಲು ಸೋಪು, ಎಣ್ಣೆ ಸೇರಿ ಹೊರಗೆ ಹೋಗಲೇಬೇಕು. ಎಲ್ಲಿಗೆ? ನಾನು ಬರೆದ ನಕ್ಷೆಯಲ್ಲಿ ಚರಂಡಿಗಳೆಲ್ಲ ಒಂದು ಬಾಣದ ಗುರುತಿನಲ್ಲಿ ಮುಗಿಯುತ್ತಿದ್ದವು. ಹಾಳೆಯ ಅಂಚಿನವರೆಗೆ ಬಾಣ, ಅದರಾಚೆ ಏನಿದೆ ಎಂದು ಯಾರೂ ಕೇಳುವುದಿಲ್ಲ. ಅದರಾಚೆ ಇರುವುದು ಸಾಮಾನ್ಯವಾಗಿ ಊರ ಕೆರೆ. ಉದ್ಯೋಗ ಖಾತ್ರಿಯಲ್ಲಿ ಮನೆಗೊಂದು ಬಚ್ಚಲುಗುಂಡಿ ಮಾಡಿಕೊಳ್ಳಲು ಅವಕಾಶ ಕೊಟ್ಟಾಗ ನಾವು ನಕ್ಕಿದ್ದೆವು. ಹಿತ್ತಲು ಇಲ್ಲದ ಮೂವತ್ತು–ನಲವತ್ತರ ಸೈಟಿನಲ್ಲಿ ಆ ಗುಂಡಿಗೂ ಜಾಗ ಉಳಿದಿರುವುದಿಲ್ಲ. ಹಾಗಾಗಿ ಲೇಔಟಿನ ಕೆಳತುದಿಯಲ್ಲೇ ಬಚ್ಚಲ ನೀರು ಕೂಡುವ, ತಿಳಿಯಾಗುವ, ಬಾಳೆಗೋ ಮೇವಿಗೋ ಹರಿಯುವ ಒಂದು ತುಂಡು ಜಾಗ ಬಿಡಬೇಕು. ಈಗ ಪಾರ್ಕಿಗೆ ಬಿಡುವುದು ಸೈಟಾಗದೆ ಉಳಿದ ತ್ರಿಕೋನದ ಮೂಲೆಯನ್ನು. ಅದರ ಬದಲು ತಗ್ಗಿನ ಜಾಗವನ್ನೇ ಪಾರ್ಕಿಗೆ ಬಿಟ್ಟರೆ ಮಳೆಗಾಲದಲ್ಲಿ ಅಲ್ಲಿ ನೀರು ನಿಂತರೂ ಯಾರ ಮನೆಗೂ ನುಗ್ಗುವುದಿಲ್ಲ, ಬೇಸಿಗೆಯಲ್ಲಿ ಮಕ್ಕಳು ಕ್ರಿಕೆಟ್ ಆಡಬಹುದು.

ಜಮೀನಿನ ಮಾಲೀಕ ಕೇಳುವ ಪ್ರಶ್ನೆಯೂ ಸುಳ್ಳಲ್ಲ. 'ನನ್ನ ಜಮೀನು. ಮಗಳ ಮದುವೆ ಸಾಲ ಇದೆ. ಐದು ಸೈಟು ಬಿಡು ಎನ್ನಲು ನೀನ್ಯಾರು?' ಅದಕ್ಕೆ ನನ್ನ ಹತ್ತಿರ ಇರುವುದು ಲೆಕ್ಕ ಮಾತ್ರ. ನಾಲ್ಕು ಎಕರೆಯ ಉದ್ದಕ್ಕೂ ಹದಿನೈದು ಅಡಿ ಅಗಲದ ಪಟ್ಟಿ ನೀರಿಗೆ ಬಿಟ್ಟರೆ ಹೋಗುವುದು ಸುಮಾರು ಐದು ಸೈಟು. ಆ ಐದರ ಬೆಲೆಯನ್ನು ಉಳಿದ 67ರ ಮೇಲೆ ಹಂಚಿದರೆ ಪ್ರತಿ ಸೈಟಿಗೆ ನೂರಕ್ಕೆ ಏಳೂವರೆ ರೂಪಾಯಿಯಂತೆ ಏರುತ್ತದೆ. ಕೊಳ್ಳುವವರು ಅಷ್ಟು ಕೊಡುತ್ತಾರೆಯೇ? ಗೋಮುಖವೋ ವ್ಯಾಘ್ರಮುಖವೋ ಎಂದು ಟೇಪು ಹಿಡಿದು ಅಳೆಯುವ, ರಸ್ತೆ ಕುತ್ತಿದ್ದರೆ ಬಿಟ್ಟಿ ಕೊಟ್ಟರೂ ಬೇಡ ಎನ್ನುವ, ಪೂರ್ವ ದಿಕ್ಕಿನ ಬಾಗಿಲಿಗೆ ಒಂದು ಲಕ್ಷ ಹೆಚ್ಚಿಗೆ ಕೊಡುವ ಜನ ನಾವು. ವಾಸ್ತುವಿಗೆ ಕೊಡುವ ಹಣದಲ್ಲಿ ಅರ್ಧ ನೀರಿಗೆ ಕೊಡಿ ಎಂದು ಕೇಳಿದರೆ ತಪ್ಪೇ? 'ಈ ಸೈಟಿನಲ್ಲಿ ಮಳೆಗಾಲದಲ್ಲಿ ನೀರು ಎಲ್ಲಿ ಹೋಗುತ್ತದೆ' ಎಂದು ಕೊಳ್ಳುವವರು ಒಮ್ಮೆ ಕೇಳಲು ಶುರು ಮಾಡಿದರೆ ನಕ್ಷೆ ಬರೆಸುವವರೂ ಕೇಳಿಯೇ ಕೇಳುತ್ತಾರೆ.

ಇದನ್ನು ಓದುತ್ತಿರುವವರಲ್ಲಿ ಹಲವರು ನಾಳೆ ಪಿಡಿಒ, ಸರ್ವೇಯರ್, ಜೆಇ, ಗ್ರಾಮ ಆಡಳಿತಾಧಿಕಾರಿ ಆಗುವವರು. ಕೆಲವರು ನನ್ನಂತೆ ಯಾವುದೋ ಕಚೇರಿಯ ಮೂಲೆಯಲ್ಲಿ ಕೂತು ಗೆರೆ ಎಳೆಯುವವರು. ನಿಮ್ಮ ಊರಿನ ಗ್ರಾಮ ನಕ್ಷೆ ಕಂದಾಯ ಇಲಾಖೆಯ ಜಾಲತಾಣದಲ್ಲಿ ಸಿಗುತ್ತದೆ, ಒಮ್ಮೆ ಇಳಿಸಿಕೊಂಡು ನೋಡಿ. ಕೆರೆ, ಹಳ್ಳ, ಬಂಡಿದಾರಿಯ ಗುರುತು ಇರುತ್ತದೆ. ಪಹಣಿಯಲ್ಲಿ 'ಬ' ಖರಾಬು ಎಂದು ಬರೆದಿದ್ದರೆ ಅದು ಸಾರ್ವಜನಿಕರ ಹಕ್ಕಿನ ಜಾಗ, ಅದರ ಮೇಲೆ ಸೈಟು ಕೂರಿಸುವಂತಿಲ್ಲ. ಆದರೆ ನಕ್ಷೆಯಲ್ಲಿ ಇಲ್ಲದ ನೀರಿನ ದಾರಿಗಳೂ ಇರುತ್ತವೆ ಎಂದು ನನಗೆ ಪಾಠವಾಗಿದೆ. ಅವು ಇರುವುದು ವಯಸ್ಸಾದವರ ನೆನಪಿನಲ್ಲಿ. ಗ್ರಾಮಸಭೆಯಲ್ಲಿ ಹೊಸ ಬಡಾವಣೆಯ ಮಾತು ಬಂದಾಗ ಆ ನೆನಪನ್ನು ನಡಾವಳಿ ಪುಸ್ತಕದಲ್ಲಿ ಬರೆಸಬಹುದು. ಅದಕ್ಕೆ ಮೊದಲು ಗ್ರಾಮಸಭೆಗೆ ಹೋಗಬೇಕು, ಅಷ್ಟೆ. ನಾನು ಹೋದ ಎರಡು ಸಭೆಗಳಲ್ಲಿ ನನ್ನ ವಾರಿಗೆಯವರು ಯಾರೂ ಇರಲಿಲ್ಲ. ಫಲಾನುಭವಿಗಳ ಪಟ್ಟಿ ಓದಿ ಮುಗಿಯುತ್ತಿದ್ದಂತೆ ಕುರ್ಚಿ ಖಾಲಿ.

ನಮ್ಮೂರಿನವನಾಗಿ ಒಂದು ಮಾತು ಹೇಳದಿರಲು ಆಗುವುದಿಲ್ಲ. 1942ರಲ್ಲಿ ಈಸೂರು ತನ್ನನ್ನು ಸ್ವತಂತ್ರ ಎಂದು ಘೋಷಿಸಿಕೊಂಡಾಗ ಊರಿನವರು ಅಮಲ್ದಾರ, ಸಬ್ ಇನ್‌ಸ್ಪೆಕ್ಟರ್ ಎಂದು ನೇಮಿಸಿದ್ದು ಇಬ್ಬರು ಹುಡುಗರನ್ನು. ಮರುವರ್ಷ ಮಾರ್ಚಿನಲ್ಲಿ ಊರಿನ ಐವರು ಗಲ್ಲಿಗೇರಿದರು. 'ಏಸೂರು ಕೊಟ್ಟರೂ ಈಸೂರು ಕೊಡೆವು' ಎಂಬ ಘೋಷಣೆಯನ್ನು ನಾವು ಶಾಲೆಯಲ್ಲಿ ಪ್ರತಿ ಆಗಸ್ಟ್ 15ಕ್ಕೂ ಗಂಟಲು ಹರಿಯುವಂತೆ ಕೂಗಿದ್ದೇವೆ. ಈಗ ಯಾರೂ ದಂಡು ತಂದು ಕೇಳುತ್ತಿಲ್ಲ. ಚದರಡಿ ಲೆಕ್ಕದಲ್ಲಿ ನಾವೇ ಕೊಡುತ್ತಿದ್ದೇವೆ. ಮಾರುವವನನ್ನು ನಾನು ದೂರುವುದಿಲ್ಲ. ಮೆಕ್ಕೆಜೋಳದ ಬೆಲೆ, ಗೊಬ್ಬರದ ಬೆಲೆ ನೋಡಿದವರು ದೂರಲಾರರು. ಮನೆಗಳೂ ಬೇಕು. ಆದರೆ ಕೊಡುವಾಗ ನೀರಿನ ಪಾಲು ಬಿಟ್ಟು ಕೊಡಿ ಎಂದು ಹೇಳುವ ಹುಡುಗರಾದರೂ ಇರಬೇಕಲ್ಲ.

ಆ ಕಚೇರಿ ಬಿಟ್ಟು ವರ್ಷವಾಯಿತು. ಈಗ ಬೇರೆ ಎಂಜಿನಿಯರ್ ಒಬ್ಬರ ಜೊತೆ ಇದ್ದೇನೆ, ಸಂಬಳ ಹಿಂದಿಗಿಂತ ಐನೂರು ಕಡಿಮೆ. ಹೋದ ತಿಂಗಳು ಎರಡೂವರೆ ಎಕರೆಯ ಒಂದು ಕೆಲಸ ಬಂತು. ನಕ್ಷೆ ಶುರು ಮಾಡುವ ಮೊದಲು ಜಮೀನಿನ ಅಜ್ಜನನ್ನು ಕರೆದುಕೊಂಡು ಬದುವಿನ ಮೇಲೆ ನಡೆದೆ. ಅಜ್ಜ ಕೈಯಲ್ಲಿದ್ದ ಕೋಲಿನಿಂದ ನೆಲದ ಮೇಲೆ ಗೀಚಿ, 'ಇಲ್ಲಿಂದ ಹಿಂಗ್ ಬರ್ತತಿ, ಆ ಹುಣಸಿಮರದ ಬುಡಕ ತಿರುಗ್ತತಿ, ಆಮ್ಯಾಲೆ ಹಳ್ಳಕ' ಎಂದು ತೋರಿಸಿದರು. ಅದನ್ನು ಹಾಗೇ ಮೊಬೈಲಿನಲ್ಲಿ ಫೋಟೊ ಹೊಡೆದುಕೊಂಡು ಬಂದು ಮೊದಲು ಆ ಗೆರೆ ಹಾಕಿದೆ, ಆಮೇಲೆ ರಸ್ತೆ, ಆಮೇಲೆ ಸೈಟು. 41 ಬಂದಿದೆ. ಅಜ್ಜನ ಮಗ ನಿನ್ನೆ ಫೋನ್ ಮಾಡಿ 44 ಆಗಲೇಬೇಕು ಎಂದಿದ್ದಾರೆ. ನಾಳೆ ಬೆಳಿಗ್ಗೆ ಬಂದು ಕೂತು ಮಾತಾಡೋಣ ಎಂದಿದ್ದೇನೆ. ಅಜ್ಜನನ್ನೂ ಕರೆದುಕೊಂಡು ಬನ್ನಿ ಎಂದು ಹೇಳಿದ್ದೇನೆ.